ಬಲಗಡೆಯ ಮುಂದಿನ ಚಕ್ರ

ಬ್ರೇಕ್ ತುಳಿದರೆ ಕಾರು ನಿಲ್ಲುತ್ತಿತ್ತು. ಅದರಲ್ಲಿ ತಕರಾರಿಲ್ಲ. ನಿಲ್ಲುವ ಮೊದಲು ನಡುಗುತ್ತಿತ್ತು, ತಕರಾರು ಅದು. ಸ್ಟೇರಿಂಗು ನನ್ನ ಎರಡು ಕೈಯೊಳಗೆ ಎಡಕ್ಕೂ ಬಲಕ್ಕೂ ಪಟಪಟ ಬಡಿದುಕೊಳ್ಳುತ್ತಿತ್ತು. ಆ ನಡುಕ ಮೊಣಕೈಗೆ ಏರಿ, ಅಲ್ಲಿಂದ ಹಲ್ಲಿಗೆ ಬರುತ್ತಿತ್ತು. ಕಾಲು ತೆಗೆದರೆ ಏನೂ ನಡೆದೇ ಇಲ್ಲವೆಂಬಂತೆ ಕಾರು ತಣ್ಣಗೆ ಓಡುತ್ತಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮೆಕ್ಯಾನಿಕಲ್ ಇಂಜಿನಿಯರ್. ಇದನ್ನು ಜಂಬದಿಂದಲೇ ಹೇಳುತ್ತೇನೆ, ಯಾಕೆಂದರೆ ಮಾರೇನಹಳ್ಳಿಯ ನಮ್ಮ ಮನೆಯಲ್ಲಿ ನನಗಿಂತ ಮೊದಲು ಹೈಸ್ಕೂಲಿನ ಬಾಗಿಲು ದಾಟಿದವರು ಯಾರೂ ಇರಲಿಲ್ಲ. ಅಪ್ಪ ಹೆಬ್ಬೆಟ್ಟು, ಅವ್ವ ಹೆಬ್ಬೆಟ್ಟು. ಅಣ್ಣ ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಎತ್ತಿನ ಗಾಡಿ ಹತ್ತಿದವನು. ಅಪ್ಪ ತೀರಿಕೊಂಡ ಮೇಲೆ ಅದೇ ಗಾಡಿಯಲ್ಲಿ ವಿಜಯನಗರದ ಹೊಸ ಮನೆಗಳಿಗೆ ಮರಳು, ಇಟ್ಟಿಗೆ ಹೊಡೆದು ನನ್ನನ್ನು ಓದಿಸಿದ. ಎಷ್ಟೋ ದಿನ ನಾನು ಡ್ರಾಯಿಂಗ್ ಬೋರ್ಡನ್ನು ಮರಳಿನ ಗಾಡಿಯ ಮೇಲಿಟ್ಟುಕೊಂಡು ಅರ್ಧ ದಾರಿ ಹೋಗಿದ್ದೇನೆ. ನನ್ನ ಹಾಳೆಗಳನ್ನು ನೋಡುವ ಮೊದಲು ಮೇಷ್ಟರು ಒಮ್ಮೆ ಉಫ್ ಎಂದು ಊದಿ ನೋಡುತ್ತಿದ್ದರು. ಡಿಗ್ರಿ ಬಂದಾಗ ಅವ್ವ ಆ ಕಾಗದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದಳು. ದೇವರಿಗೆ ಹೂವಿಟ್ಟಾಗ ಅದಕ್ಕೂ ಒಂದು ಹೂವು.

ಕೆಂಗೇರಿಯ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಹಿರಿಯ ಅಧಿಕಾರಿಯೊಬ್ಬರು ನಿವೃತ್ತರಾಗಿ ಊರಿಗೆ ಹೋಗುವಾಗ ತಮ್ಮ ಹಳೆಯ ಕಪ್ಪು ಕಾರನ್ನು ನನಗೆ ದಾಟಿಸಿದರು. ಊರಿನಲ್ಲಿ ಗೌಡರ ಮನೆಗೂ ಕಾರಿರಲಿಲ್ಲ. ಅದು ನಮ್ಮ ಹಟ್ಟಿಯ ಅಂಗಳಕ್ಕೆ ಬಂದ ದಿನ ಅಣ್ಣನ ಎತ್ತುಗಳು ಕಣ್ಣಿ ಜಗ್ಗಿ ಹಿಂದೆ ಸರಿದವು. ಕೊಟ್ಟಿಗೆಯ ಗೋಡೆಗೆ ಎಡಮಗ್ಗುಲು ತಾಗುವ ಹಾಗೆ ಕಾರು ನಿಲ್ಲಿಸುತ್ತಿದ್ದೆ. ಅಂಗಳ ಇದ್ದದ್ದೇ ಅಷ್ಟಗಲ. ಗಾಡಿ ತಿರುಗಿಸಲು ಅಣ್ಣನಿಗೆ ಜಾಗ ಬಿಡಬೇಕಾಗಿತ್ತು.

ಅವ್ವನ ಸಂಜೆಯ ಕೆಲಸವೊಂದಿತ್ತು. ಎತ್ತು ಕೆಲಸದಿಂದ ಬಂದರೆ, ಅವು ಸ್ವಲ್ಪ ಹೊತ್ತು ನಿಂತು ಸುಧಾರಿಸಿಕೊಂಡ ಮೇಲೆ, ಬಾನಿಯ ನೀರು ತೋಡಿ ಗೊರಸು ತೊಳೆಯುತ್ತಿದ್ದಳು. ದುಡಿದು ಬಂದ ಕಾಲಿಗೆ ನೀರು ಹಾಕದೆ ಒಳಗೆ ಕಟ್ಟಬಾರದು ಎನ್ನುವುದು ನಮ್ಮ ಮನೆಯ ರೂಢಿ. ಕಾರು ಬಂದ ಮೇಲೆ ಅದಕ್ಕೂ ಒಂದು ಬಕೀಟು. ಹಾರನ್ ಕೇಳಿದರೆ ಸಾಕು, ಬಕೀಟು ಹಿಡಿದು ಬಾನಿಯ ಹತ್ತಿರ ನಿಂತಿರುತ್ತಿದ್ದಳು. ನಾನು ಇಳಿದು ಬೂಟು ಬಿಚ್ಚುವ ಹೊತ್ತಿಗೆ ಅಂಗಳದಲ್ಲಿ ನೀರು ಸುರಿದ ಸದ್ದು. ಇದನ್ನು ನಾನು ದಿನಾ ನೋಡುತ್ತಿದ್ದೆ. ನೋಡುತ್ತಿದ್ದೆ ಎನ್ನುವುದನ್ನು ನೆನಪಿಟ್ಟುಕೊಳ್ಳಿ.

ನಡುಗಿದರೆ ನಡುಗಲಿ ಎಂದು ಬಿಡಬಹುದಾಗಿತ್ತು. ಆದರೆ ಅವ್ವನ ಕಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣು ಹೋದ ಲೆಕ್ಕವೇ. ಬಲಗಣ್ಣಿಗೆ ಬೆಳಕು, ಕತ್ತಲೆ, ಎದುರಿಗೆ ನಿಂತ ಆಳಿನ ನೆರಳು, ಇಷ್ಟೇ. ಮೂರು ವರ್ಷ ಆಪರೇಷನ್ನಿಗೆ ಒಪ್ಪದವಳು ಕೊನೆಗೆ ಒಪ್ಪಿದಳು. ಪೇಟೆಯ ಕಣ್ಣಾಸ್ಪತ್ರೆಯ ಡಾಕ್ಟರು ನನ್ನನ್ನು ಬೇರೆ ಕರೆದು ಹೇಳಿದರು:

"ಹೊಲಿಗೆ ಕೂಡೋವರೆಗೂ ತಲೆ ಅಲುಗಬಾರದು. ಮನೆಗೆ ಕರ್ಕೊಂಡು ಹೋಗುವಾಗ ಬಸ್ಸು ಬೇಡ, ಆಟೋ ಅಂತೂ ಬೇಡವೇ ಬೇಡ. ಕುಲುಕಾಟ ಆದ್ರೆ ಒಳಗೆ ರಕ್ತ ಇಳಿಯುತ್ತೆ, ಮಾಡಿದ್ದೆಲ್ಲ ಹಾಳು. ಕಾರಿನ ಅನುಕೂಲ ಇದೆಯೇನ್ರಿ?"

"ಇದೆ ಸಾರ್" ಅಂದೆ. ಎದೆಯುಬ್ಬಿಸಿಯೇ ಅಂದೆ. ಆಗಿನ್ನೂ ಅದು ನಡುಗುತ್ತಿರಲಿಲ್ಲ.

ಬ್ರೇಕಿನ ಲೈನರ್ ಸವೆದಿತ್ತು, ಆಸ್ಪತ್ರೆಗೆ ಓಡಾಡುವ ಕಾರೆಂದು ನಾನೇ ಹೊಸದು ಹಾಕಿಸಿದೆ. ಅದಾದ ಎರಡು ವಾರಕ್ಕೆ ನಡುಕ ಶುರುವಾಯಿತು. ಆಪರೇಷನ್ನಿಗೆ ಇನ್ನೊಂದು ತಿಂಗಳಿತ್ತು. ಟ್ಯಾಕ್ಸಿ ಹಿಡಿಯೋಣ ಎಂದು ಅಣ್ಣ ಅಂದ. ಅವ್ವ ಕಿವಿಗೇ ಹಾಕಿಕೊಳ್ಳಲಿಲ್ಲ.

"ಹೋಗೋದೂ ನನ್ ಮಗನ್ ಕಾರಲ್ಲೇ, ಬರೋದೂ ಅದ್ರಲ್ಲೇ. ಕಂಡೋರ ಗಾಡೀಲಿ ಕಣ್ಣು ಕಟ್ಟಿಸ್ಕೊಂಡು ನಾನ್ ಕೂರಾಕಿಲ್ಲ. ಹಂಗಾದ್ರೆ ಆಪ್ರೇಸನ್ನೇ ಬ್ಯಾಡ."

ಹಟ ಹಿಡಿದರೆ ಅವಳು ನಿಜವಾಗಿ ಬೇಡ ಎನ್ನುವವಳೇ. ಹಾಗಾಗಿ ಕಾರು ಸರಿಯಾಗಲೇಬೇಕಾಗಿತ್ತು, ಅದೂ ನನ್ನಿಂದ.

ಮೊದಲು ನಾನೇ ಕೈಹಾಕಿದೆ. ಒಂದು ನೋಟ್‌ಬುಕ್ಕಿನಲ್ಲಿ ಕಾರಣಗಳನ್ನು ಬರೆದೆ. ಚಕ್ರದ ನಟ್ಟು ಸಡಿಲವಿರಬಹುದು. ಬಿಗಿ ಮಾಡಿದೆ. ಟೈರು ಒಂದು ಕಡೆ ಸವೆದಿರಬಹುದು. ಹಿಂದಿನದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಹಾಕಿದೆ. ಸ್ಟೇರಿಂಗಿನ ಕೀಲುಗಳಲ್ಲಿ ಆಟವಿರಬಹುದು. ಕಾರಿನ ಕೆಳಗೆ ತೂರಿ ಒಂದೊಂದನ್ನೂ ಹಿಡಿದು ಅಲ್ಲಾಡಿಸಿದೆ. ಬರೆದದ್ದನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿದೆ. ಕಾರು ಇಳಿಜಾರಿನಲ್ಲಿ ಮಾಗಡಿ ರಸ್ತೆಗೆ ಇಳಿಯುವಾಗ ಬ್ರೇಕ್ ತುಳಿದರೆ ಮೊದಲಿನ ಹಾಗೇ ಜ್ವರ ಬಂದವರಂತೆ ಅದುರುತ್ತಿತ್ತು.

ಎತ್ತು ಬಿಚ್ಚುತ್ತಿದ್ದ ಅಣ್ಣ ಕಾರಿನ ಕೆಳಗಿಂದ ಚಾಚಿದ ನನ್ನ ಕಾಲು ನೋಡಿ ಅಂದ:

"ಏನ್ಲಾ ಇಂಜಿನಿಯರು, ಐದು ವರ್ಸ ಓದಿದ್ದು ಮಲಗಾಕಾ?"

"ಗೊತ್ತಾಗ್ತಾ ಇಲ್ಲ ಅಣ್ಣ."

"ಗೊತ್ತಾಗ್ಲಿಲ್ಲ ಅಂದ್ರೆ ಗೊತ್ತಿರೋನ್ನ ಕೇಳು. ನಾನು ಎತ್ತಿಗೆ ಲಾಳ ನಾನೇ ಹೊಡೀತೀನಾ?"

ಹೊಸಹಳ್ಳಿಯ ತಿರುವಿನಲ್ಲಿ ಒಂದು ಹೊಂಗೆ ಮರ, ಅದರ ಕೆಳಗೆ ತಗಡಿನ ಚಪ್ಪರ, ಒಬ್ಬ ಮೆಕ್ಯಾನಿಕ್ಕು. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು. ಲೈನರ್ ಹಾಕಿದವರೂ ಅವರೇ. ಅಣ್ಣನಿಗಿಂತ ದೊಡ್ಡ ವಯಸ್ಸು, ಮನೆಯಲ್ಲಿ ಉರ್ದು, ಬೀದಿಯಲ್ಲಿ ನಮ್ಮದೇ ಕನ್ನಡ. ಅವರ ಹತ್ತಿರ ಹೋಗುವುದನ್ನು ನಾನು ಒಂದು ವಾರ ಮುಂದೂಡಿದ್ದು ಯಾಕೆಂದು ಈಗ ಹೇಳಿದರೆ ನಗು ಬರುತ್ತದೆ. ಇಂಜಿನಿಯರ್ ಎಂದು ಅವರಿಗೆ ಮೊದಲೇ ಹೇಳಿಕೊಂಡಿದ್ದೆ.

ಅವರು ನನ್ನ ನೋಟ್‌ಬುಕ್ಕನ್ನು ನೋಡಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು, "ನಡೀರಿ ಸಾರ್" ಅಂದರು. ಇಳಿಜಾರು ಬಂತು. "ಬ್ರೇಕ್ ತುಳೀಬೇಡಿ. ಹ್ಯಾಂಡ್‌ಬ್ರೇಕ್ ಎಳೀರಿ, ಹಗೂರಕ್ಕೆ."

ಎಳೆದೆ. ಕಾರು ನಯವಾಗಿ ನಿಂತಿತು. ನಡುಕ ಇಲ್ಲ.

"ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರ ಹಿಡೀತದೆ. ಅದು ಸುಮ್ನೆ ನಿಂತ್ಕೊಳ್ತು. ಅಂದ್ರೆ ಕಳ್ಳ ಮುಂದಿದಾನೆ."

ಅರ್ಧ ನಿಮಿಷದ ಕೆಲಸ. ನನ್ನ ಒಂದು ವಾರದ ನೋಟ್‌ಬುಕ್ಕಿನಲ್ಲಿ ಇದು ಇರಲಿಲ್ಲ.

ಚಪ್ಪರದ ಕೆಳಗೆ ಜಾಕಿ ಕೊಟ್ಟು ಮುಂದಿನ ಚಕ್ರ ಎತ್ತಿದರು. ಆ ಕಾಲದ ಕಾರುಗಳಲ್ಲಿ ಚಕ್ರದ ಒಳಗೆ ಎರಕದ ಕಬ್ಬಿಣದ ಒಂದು ದುಂಡು ಪಾತ್ರೆಯಂಥದ್ದು ಇರುತ್ತದೆ. ಅದನ್ನು ಡ್ರಮ್ ಎನ್ನುತ್ತಾರೆ. ಚಕ್ರದ ಜೊತೆ ಅದೂ ತಿರುಗುತ್ತದೆ. ಬ್ರೇಕ್ ತುಳಿದಾಗ ಲೈನರ್ ಒಳಗಿನಿಂದ ಅದಕ್ಕೆ ಒತ್ತಿ ನಿಲ್ಲಿಸುತ್ತದೆ. ಮೇಸ್ತ್ರಿ ಲೈನರ್ ಅದಕ್ಕೆ ಸ್ವಲ್ಪವೇ ತಾಗುವ ಹಾಗೆ ಬಿಗಿ ಮಾಡಿ ಚಕ್ರವನ್ನು ಕೈಯಲ್ಲಿ ತಿರುಗಿಸಿದರು. ಎಡಗಡೆಯದು ಒಂದೇ ಸಮ ಸರ್ ಎಂದಿತು. ಬಲಗಡೆಯದು ಸರ್ ಎಂದು, ಸುಮ್ಮನಾಗಿ, ಮತ್ತೆ ಸರ್ ಎಂದು, ಮತ್ತೆ ಸುಮ್ಮನಾಯಿತು.

"ಕೇಳಿಸ್ತಾ? ರೊಟ್ಟಿ ದುಂಡಗಿಲ್ಲ ಸಾರ್. ಮೊಟ್ಟೆ ಆಗಿದೆ."

ಆ ಡ್ರಮ್ಮನ್ನು ಬಿಚ್ಚಿ ರಾಜಾಜಿನಗರದ ಒಂದು ಶೆಡ್ಡಿಗೆ ಒಯ್ದೆವು. ಅಲ್ಲಿನ ಲೇತ್ ಯಂತ್ರದಲ್ಲಿ ಅದನ್ನು ಕಚ್ಚಿಸಿ ತಿರುಗಿಸಿದಾಗ ಉಳಿ ಮೊದಲು ಎರಡೇ ಕಡೆ ತಾಗಿತು. ಕಟ್, ಕಟ್, ಕಟ್. ಬರುಬರುತ್ತ ಸದ್ದು ಒಂದಾಗಿ ಒಳಮೈ ಪೂರ್ತಿ ಹೊಳೆಯಿತು. ಲೇತ್‌ನವರು ಅದರ ಮೇಲೆ ಬೆರಳಾಡಿಸಿ ಕೈಗೆ ಕೊಟ್ಟರು. ಅಂದು ಸಂಜೆ ಇಳಿಜಾರಿನಲ್ಲಿ ಕಾರು ಬೆಣ್ಣೆಯ ಮೇಲೆ ನಿಂತ ಹಾಗೆ ನಿಂತಿತು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಬಾನಿಯಿಂದ ನೀರು ತೋಡುತ್ತಲೇ, "ನೀನ್ ಓದಿದೋನಲ್ವಾ, ಆಗ್ದೆ ಏನು" ಅಂದಳು. ಮೇಸ್ತ್ರಿಯ ಹೆಸರು ನಾನು ಎತ್ತಲಿಲ್ಲ.

ಹದಿಮೂರು ದಿನ. ಹದಿನಾಲ್ಕನೆಯ ದಿನ ಮೈಸೂರು ರಸ್ತೆಯಲ್ಲಿ ಎದುರಿಗೆ ಎಮ್ಮೆ ಬಂತು, ಬ್ರೇಕ್ ತುಳಿದೆ, ಸ್ಟೇರಿಂಗು ಕೈಯೊಳಗೆ ಮತ್ತೆ ಬಡಿದುಕೊಂಡಿತು.

ಮತ್ತೆ ಅದೇ ಚಕ್ರ. ಬಲಗಡೆಯದು, ಮುಂದಿನದು. ಎಡಗಡೆಯದಕ್ಕೆ ಒಂದು ಕೂದಲೆಳೆಯಷ್ಟೂ ಊನವಿಲ್ಲ. ಒಂದೇ ಕಾರು, ಒಂದೇ ರಸ್ತೆ, ಒಂದೇ ದಿನ ಹಾಕಿದ ಲೈನರ್. ಬಲಕ್ಕೆ ಮಾತ್ರ ಯಾಕೆ? ನನ್ನ ತಲೆ ಕೆಟ್ಟಿತು. ಊಟಕ್ಕೆ ಕೂತರೆ ತಟ್ಟೆಯ ಮುದ್ದೆ ದುಂಡಗಿದೆಯೋ ಇಲ್ಲವೋ ಎಂದು ನೋಡುತ್ತಿದ್ದೆ. ಕೊನೆಗೆ ಒಂದು ಸಿದ್ಧಾಂತ ಹೊಳೆಯಿತು. ಕಾರಿನಲ್ಲಿ ದಿನವೂ ನಾನೊಬ್ಬನೇ ಕೂರುವುದು, ಕೂರುವುದು ಬಲಗಡೆ, ಭಾರವೆಲ್ಲ ಬಲ ಮುಂದಿನ ಚಕ್ರದ ಮೇಲೆ. ಲೆಕ್ಕ ಹಾಕಿ ನೋಡಿದೆ, ಸರಿಯೆನಿಸಿತು. ಅಣ್ಣನ ಗಾಡಿಯಿಂದ ಒಂದು ಮೂಟೆ ಮರಳು ಇಳಿಸಿ ಎಡಗಡೆಯ ಸೀಟಿನಲ್ಲಿ ಕೂರಿಸಿಕೊಂಡು ಎರಡು ದಿನ ಕಾರ್ಖಾನೆಗೆ ಹೋಗಿ ಬಂದೆ.

ಅಣ್ಣ ಕಿಟಕಿಯಲ್ಲಿ ಬಗ್ಗಿ ನೋಡಿದ. "ಯಾರ್ಲಾ ಇವ್ರು, ನೆಂಟ್ರಾ?"

"ಸಮತೂಕಕ್ಕೆ."

"ಮರಳು ಹೊಡ್ಯಾಕೆ ಮನೇಲಿ ಒಬ್ಬ ಸಾಕು ಕಣ್ಲಾ. ನಿನ್ನ ಓದ್ಸಿದ್ದು ಇದ್ಕಲ್ಲ."

ಅವನು ನಗುತ್ತಲೇ ಅಂದದ್ದು. ನನಗೆ ಮಾತ್ರ ಅದು ನಾಟಿತು. ಆ ಸಿಟ್ಟನ್ನು ಒಯ್ದು ಮೇಸ್ತ್ರಿಯ ಮೇಲೆ ಹಾಕಿದೆ. ನೀವು ಸರಿಯಾಗಿ ಕೂರಿಸಿಲ್ಲ, ಲೇತ್‌ನವರು ಸರಿಯಾಗಿ ಉಜ್ಜಿಲ್ಲ, ನಮ್ಮ ತಾಯಿಯ ಕಣ್ಣಿನ ವಿಷಯ ಇದು ಎಂದೆಲ್ಲ ಕೂಗಾಡಿದೆ. ಅವರು ಕೈಯಲ್ಲಿದ್ದ ಬಟ್ಟೆಯಲ್ಲಿ ಸ್ಪ್ಯಾನರ್ ಒರೆಸುತ್ತ ಕೇಳಿಸಿಕೊಂಡರು.

"ಸಾರ್, ನಾನು ಸ್ಕೂಲಿಗೆ ಹೋದೋನಲ್ಲ. ನಿಮ್ಮ ಪುಸ್ತಕದಲ್ಲಿ ಹೆಂಗೆ ಮಾಡ್ಬೇಕು ಅಂತ ಬರೆದಿದೆಯೋ ಹೇಳಿ. ಹಂಗೇ ಮಾಡ್ತೀನಿ."

ಪುಸ್ತಕದಲ್ಲಿ ಏನೂ ಬರೆದಿರಲಿಲ್ಲ.

"ನಂಗೂ ಗೊತ್ತಾಗ್ತಾ ಇಲ್ಲ" ಅಂದರು ಅವರು ಸ್ಪ್ಯಾನರ್ ಕೆಳಗಿಟ್ಟು. "ಒಂದ್ಸಲ ಕೆಟ್ಟಿದ್ದು ಸರಿ. ಅದೇ ಜಾಗ, ಹದಿನೈದು ದಿನಕ್ಕೆ ಮತ್ತೆ? ಇದನ್ನ ಯಾರೋ ಕೆಡಿಸ್ತಾ ಇದಾರೆ ಸಾರ್. ರಸ್ತೆಯೋ, ನೀವೋ, ನಾನೋ."

ಅಷ್ಟರಲ್ಲಿ ಅವ್ವನನ್ನು ಆಸ್ಪತ್ರೆಗೆ ಸೇರಿಸುವ ದಿನ ಬಂದುಬಿಟ್ಟಿತು. ಹೋಗುವಾಗ ಕುಲುಕಿದರೆ ನಷ್ಟವಿಲ್ಲ, ಬರುವಾಗ ತಾನೇ ಭಯ. ಆದರೂ ಎರಡನೇ ಗೇರಿನಲ್ಲಿ, ಗಾಡಿ ಎತ್ತಿನ ಹಿಂದೆ ನಡೆಯುವವನ ಹಾಗೆ ಓಡಿಸಿದೆ. ಒಂದು ಕಡೆ ಬಸ್ಸು ಅಡ್ಡ ಬಂತು. ಕಾರು ಮೈಯೆಲ್ಲ ಅದುರಿತು. ಹಿಂದೆ ಅತ್ತಿಗೆಯ ಪಕ್ಕ ಕೂತಿದ್ದ ಅವ್ವ ಸೀಟಿನ ಮೇಲೆ ಅಂಗೈ ಇಟ್ಟು ನೋಡಿದಳು.

"ಇದಕ್ಕೆ ಮೈ ಸರೀಗಿಲ್ವೇನೋ ಮಗ?"

"ಸರಿಹೋಗ್ತದೆ ಅವ್ವಾ."

"ನಂಗೇನೋ ಭಯ ಇಲ್ಲ ಬಿಡು. ನೀನ್ ಹೊಡಿತಿದೀಯಲ್ಲ."

ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಅವಳು ಆಸ್ಪತ್ರೆ ಸೇರಿದ ಮಾರನೆಯ ದಿನವೇ ಡ್ರಮ್ಮನ್ನು ಎರಡನೇ ಸಲ ಲೇತ್‌ಗೆ ಕೊಟ್ಟೆವು. ಲೇತ್‌ನವರು ಅಳತೆ ಹಿಡಿದು ನೋಡಿ ತಲೆಯಾಡಿಸಿದರು. "ಇದೇ ಕೊನೆ. ಇನ್ನು ಉಜ್ಜೋಕೆ ದಪ್ಪ ಉಳಿದಿಲ್ಲ. ಇನ್ನೊಂದ್ಸಲ ತಂದ್ರೆ ನಾನು ಮುಟ್ಟಲ್ಲ." ಹೊಸದಕ್ಕೆ ಅಂಗಡಿಯಲ್ಲಿ ಕೇಳಿದರೆ, ಬರೆಸಿ ಹೋಗಿ, ಎರಡು ತಿಂಗಳಾಗಬಹುದು ಎಂದರು. ಆಗ ಎಲ್ಲ ಸಾಮಾನೂ ಹಾಗೆಯೇ.

ಆಪರೇಷನ್ ಆಯಿತು. ಕಣ್ಣಿಗೆ ಪಟ್ಟಿ, ತಲೆಯ ಎರಡೂ ಕಡೆ ಮರಳಿನ ಚೀಲ. ಅಲುಗದೆ ಮಲಗಿದ್ದಳು. ಮರಳಿನ ಚೀಲ ನೋಡಿ ಅಣ್ಣ ನನ್ನ ಕಡೆ ತಿರುಗಿ, "ನೋಡ್ಲಾ, ನಿನ್ ನೆಂಟ್ರು ಇಲ್ಲೂ ಬಂದವ್ರೆ" ಎಂದು ಪಿಸುಗುಟ್ಟಿದ. ಸೇರಿದ ಹನ್ನೊಂದನೆಯ ದಿನ ಕರೆದುಕೊಂಡು ಹೋಗಬಹುದು ಎಂದರು ಡಾಕ್ಟರು.

ನಾನು ಲೆಕ್ಕ ಹಾಕತೊಡಗಿದೆ. ಮೊದಲ ಸಲ ಉಜ್ಜಿಸಿದ ಮೇಲೆ ಹದಿಮೂರು ದಿನ ತಡೆದಿತ್ತು. ಈ ಸಲ ಮನೆಗೆ ಕರೆತರುವ ದಿನಕ್ಕೆ ಹತ್ತಾಗುತ್ತದೆ. ಡ್ರಮ್ಮು ಈಗ ತೆಳ್ಳಗಾಗಿದೆ, ಬೇಗ ಕೆಡಬಹುದು. ಕಾರು ಓಡಿಸದೆ ಇಟ್ಟರೆ? ಆಗ ಸರಿಯಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಓಡಿಸಿದರೆ ಕೆಡಬಹುದು. ಎರಡರಲ್ಲಿ ಯಾವುದು ಸರಿಯೆಂದು ತಿಳಿಯದೆ, ಒಂದು ದಿನ ಬಸ್ಸಿನಲ್ಲಿ ಹೋದೆ, ಒಂದು ದಿನ ಕಾರಿನಲ್ಲಿ ಹೋದೆ. ಪ್ರತಿ ಇಳಿಜಾರಿನಲ್ಲೂ ಕಾದೆ. ಕಾರು ನಡುಗಲಿಲ್ಲ. ಎಂಟನೆಯ ದಿನ ಮೊದಲ ಸಲಕ್ಕಿಂತ ನಯವಾಗಿ ನಿಂತ ಹಾಗೆ ಅನಿಸಿತು. ಅದರಿಂದ ಧೈರ್ಯ ಬರಬೇಕಾಗಿತ್ತು. ಬರಲಿಲ್ಲ. ಯಾಕೆ ಕೆಟ್ಟಿತೆಂದು ತಿಳಿಯದವನಿಗೆ ಯಾಕೆ ಸರಿಯಾಗಿದೆ ಎಂಬುದೂ ತಿಳಿದಿರುವುದಿಲ್ಲ.

ಕರೆತರುವ ಹಿಂದಿನ ದಿನ ಮಧ್ಯಾಹ್ನ ಮೇಸ್ತ್ರಿ ತಾವಾಗಿಯೇ ಕಾರ್ಖಾನೆಯ ಗೇಟಿಗೆ ಬಂದು ನಿಂತಿದ್ದರು. ಚಪ್ಪರ ಮುಚ್ಚಿ, ಬಸ್ಸು ಹಿಡಿದು, ಕೆಂಗೇರಿಗೆ ಬಂದಿದ್ದರು.

"ನಿಮ್ಮ ಜೊತೆ ಮನೆಗೆ ಬರ್ತೀನಿ ಸಾರ್. ಯಾವ ದಾರೀಲಿ ಓಡ್ತದೆ, ಎಲ್ಲಿ ನಿಲ್ತದೆ, ಎಲ್ಲ ನೋಡ್ಬೇಕು. ಎರಡು ಸಲ ನನ್ನ ಕೈ ದಾಟಿ ಹೋದ ಕೆಲಸ. ಊಟ ರುಚಿಸ್ತಾ ಇಲ್ಲ ನಂಗೆ."

ದಾರಿಯುದ್ದಕ್ಕೂ ಬೇಕೆಂದೇ ಬ್ರೇಕ್ ಹಾಕಿಸಿದರು. ಜೋರಾಗಿ, ಹಗೂರಾಗಿ, ಇಳಿಜಾರಿನಲ್ಲಿ, ತಿರುವಿನಲ್ಲಿ. ಒಂದು ಸಲವೂ ನಡುಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ಎಂದಿನಂತೆ ಎಡಮಗ್ಗುಲನ್ನು ಕೊಟ್ಟಿಗೆಯ ಗೋಡೆಗೆ ತಾಗಿಸಿ ನಿಲ್ಲಿಸಿದೆ. ಮೇಸ್ತ್ರಿ ನನ್ನ ಕಡೆಯ ಬಾಗಿಲಿನಿಂದಲೇ ಇಳಿದು, ಬಗ್ಗಿ, ಬಲ ಮುಂದಿನ ಚಕ್ರದ ಹತ್ತಿರ ಕೈ ತಂದು, ತಟ್ಟನೆ ಹಿಂದೆಗೆದರು.

"ಅರೇ, ಒಲೆ ಆಗಿದೆ. ಲೈನರ್ ಹೊಸದಲ್ವಾ, ಉಜ್ಕೊಂಡೇ ಓಡ್ತದೆ. ಸವೆದ ಹಳೇದು ಇಷ್ಟು ಕಾಯ್ತಿರಲಿಲ್ಲ."

ಆಗಲೇ ಅತ್ತಿಗೆ ಬಕೀಟು ಎತ್ತಿಕೊಂಡು ಕೊಟ್ಟಿಗೆಯ ಕಡೆಯಿಂದ ಬಂದರು. ನಮ್ಮನ್ನು ನೋಡಿ ಸೆರಗು ಸರಿಮಾಡಿಕೊಂಡು, ಯಾರಿಗೂ ಅಲ್ಲದ ಹಾಗೆ ಹೇಳಿದರು:

"ಅತ್ತೆ ಆಸ್ಪತ್ರೇಲಿ ಬೈದ್ರು. ನಾನಿಲ್ಲ ಅಂತ ಕಾರಿನ ಕಾಲಿಗೆ ನೀರೇ ಹಾಕಿಲ್ಲ ಅಲ್ವಾ ನೀವು, ನಾಳೆ ಅದು ನನ್ನ ಕರ್ಕೊಂಡ್ ಬರ್ಬೇಕು, ಇವತ್ತಾದ್ರೂ ಹಾಕು ಅಂದ್ರು. ನಂಗೆ ಮರ್ತೇ ಹೋಗಿತ್ತು."

ಹೇಳುತ್ತಲೇ ಬಲ ಮುಂದಿನ ಚಕ್ರಕ್ಕೆ ಎರಚಿದರು. ಚಕ್ರದೊಳಗಿಂದ ಚುಂಯ್ ಎಂದು ಸದ್ದು ಬಂತು, ಒಗ್ಗರಣೆಗೆ ನೀರು ಬಿದ್ದ ಹಾಗೆ. ತೆಳ್ಳಗೆ ಆವಿ ಎದ್ದಿತು.

"ಬೇಡ ತಾಯಿ, ಬೇಡ" ಎಂದು ಮೇಸ್ತ್ರಿ ಮುಂದೆ ಬಂದು ಬಕೀಟಿನ ಬಾಯಿ ಹಿಡಿದರು. ಅರ್ಧ ನೀರು ಅವರ ಪ್ಯಾಂಟಿನ ಮೇಲೆ ಚೆಲ್ಲಿತು. ಅತ್ತಿಗೆ ಗಾಬರಿಯಾಗಿ ಬಕೀಟು ಬಿಟ್ಟರು.

ಮೇಸ್ತ್ರಿ ನನ್ನ ಕಡೆ ತಿರುಗಿದರು.

"ದಿನಾ ಹಾಕ್ತಾರಾ?"

"ನಮ್ಮ ತಾಯಿ ಹಾಕ್ತಾರೆ."

"ಬಂದ ತಕ್ಷಣ?"

"ಹಾರನ್ ಕೇಳಿದ ತಕ್ಷಣ."

"ಆ ಕಡೆ ಚಕ್ರಕ್ಕೆ?"

ಆ ಕಡೆ ಗೋಡೆ. ಆ ಕಡೆಗೆ ಆಳು ಹೋಗುವ ಜಾಗವಿಲ್ಲ. ಹಿಂದಿನ ಚಕ್ರಕ್ಕೂ ನೀರು ಸಿಗುತ್ತಿದ್ದದ್ದು ಅಷ್ಟಕ್ಕಷ್ಟೇ. ಕಣ್ಣು ಮಂಜಾದ ಅವ್ವ ಬಾನಿಯಿಂದ ಹೊರಟು ಕೈಗೆ ಮೊದಲು ಸಿಕ್ಕಿದ ಚಕ್ರಕ್ಕೆ ಬಕೀಟು ಬಗ್ಗಿಸುತ್ತಿದ್ದಳು. ಬಲಗಡೆಯದು, ಮುಂದಿನದು.

ಗಾಡಿಯಿಂದ ಎತ್ತು ಬಿಚ್ಚುತ್ತಿದ್ದ ಅಣ್ಣ ಕಣ್ಣಿ ಕೈಯಲ್ಲಿ ಹಿಡಿದೇ ಬಂದ. ಅವನಿಗೆ ಮೇಸ್ತ್ರಿ ಏನೂ ವಿವರಿಸಬೇಕಾಗಲಿಲ್ಲ. ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವಾಗ ಆಚಾರಿ ಮಾಡುವುದು ಇದನ್ನೇ. ಪಟ್ಟಿಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಚಕ್ರದ ಮೇಲೆ ಕೂರಿಸಿ, ಸುತ್ತಲೂ ನೀರು ಹುಯ್ಯುತ್ತಾರೆ. ಪಟ್ಟಿ ಮುದುಡಿ ಮರವನ್ನು ಕಚ್ಚಿಕೊಳ್ಳುತ್ತದೆ. ಚಿಕ್ಕವನಿದ್ದಾಗ ನೀರು ಹುಯ್ಯುವ ಕೆಲಸ ನನ್ನದೇ.

"ಆಚಾರಿ ಏನಂತಿದ್ದ, ಜ್ಞಾಪಕ ಐತಾ?" ಅಂದ ಅಣ್ಣ. "ಸುತ್ತ ಒಂದೇ ಸಮ ಹುಯ್ಯಿ ಮುಂಡೇದೆ, ಒಂದೇ ಕಡೆ ಹುಯ್ದ್ರೆ ಸೊಟ್ಟ ಆಗ್ತದೆ ಅಂತ ನಿನ್ನ ಕಿವಿ ಹಿಂಡಿರಲಿಲ್ವಾ."

ಹಿಂಡಿದ್ದ. ಕಾಲೇಜಿನಲ್ಲಿ ಇದೇ ವಿಷಯವನ್ನು ನಾನು ಎರಡು ಪುಟ ಬರೆದು ಒಳ್ಳೆಯ ನಂಬರು ತೆಗೆದುಕೊಂಡಿದ್ದೆ. ಕಿವಿಯಲ್ಲಿದ್ದದ್ದೂ ತಲೆಯಲ್ಲಿದ್ದದ್ದೂ ಒಂದೇ ಎಂದು ನನಗೆ ಹೊಳೆದಿರಲಿಲ್ಲ. ಇವತ್ತಿಗೂ ಇದು ನನಗೆ ಒಗಟೇ. ದಿನಾ ಆ ನೀರಿನ ಸದ್ದು ಕೇಳುತ್ತ ಬೂಟು ಬಿಚ್ಚಿದವನು ನಾನು.

ಅತ್ತಿಗೆ ಅಳುವ ಹಾಗಾಗಿದ್ದರು. "ನಾನ್ ಈಗ ಹಾಕ್ಬಿಟ್ನಲ್ಲಪ್ಪ. ಕೆಟ್ಟೋಯ್ತಾ?"

"ಗೊತ್ತಿಲ್ಲ ತಾಯಿ" ಅಂದರು ಮೇಸ್ತ್ರಿ. "ಒಂದ್ಸಲಕ್ಕೆ ಆಗ್ಲಿಕ್ಕಿಲ್ಲ. ಆದ್ರೆ ಈಗ ತೆಳ್ಳಗಿದೆ. ಬೆಳಗ್ಗೆ ನೋಡೋಣ. ಈಗ ಮುಟ್ಟಬೇಡಿ, ತಾನಾಗಿ ತಣ್ಣಗಾಗ್ಲಿ."

ಬೆಳಿಗ್ಗೆ ಅವರು ಬರುವ ಮೊದಲೇ ನಾನು ಕಾರು ಇಳಿಜಾರಿಗೆ ಒಯ್ದೆ. ಬ್ರೇಕ್ ತುಳಿದೆ. ಸ್ಟೇರಿಂಗು ಅಲುಗಿತು. ಇಲ್ಲ, ಅಲುಗಿದ್ದು ನನ್ನ ಕೈ. ಇನ್ನೊಂದು ಸಲ ತುಳಿದೆ. ಕಾರೋ ಕೈಯೋ ನಿಜಕ್ಕೂ ತಿಳಿಯಲಿಲ್ಲ. ನಾಲ್ಕು ಸಲ ಹತ್ತಿ ಇಳಿದೆ, ಪ್ರತಿ ಸಲ ಒಂದೊಂದು ತರಹ ಅನಿಸಿತು. ಮನೆಗೆ ವಾಪಸು ಬಂದು ಅಣ್ಣನಿಗೆ ಹೇಳಿದೆ.

ಅವನು ಒಳಗೆ ಹೋಗಿ ಅವ್ವನ ಹಿತ್ತಾಳೆ ಚೆಂಬು ತಂದ. ಅಂಚಿಗೆ ಒಂದು ಬೆರಳು ಕಮ್ಮಿ ನೀರು ತುಂಬಿಸಿ, ಹಿಂದಿನ ಸೀಟಿನಲ್ಲಿ, ಅವ್ವ ಕೂರುವ ಜಾಗದಲ್ಲಿ, ಚೆಂಬನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಆ ಹೊತ್ತಿಗೆ ಬಂದ ಮೇಸ್ತ್ರಿ ಮುಂದೆ ಕೂತರು.

"ನಿನ್ನ ಕೈ ಕೇಳ್ಬ್ಯಾಡ" ಅಂದ ಅಣ್ಣ. "ನಾನ್ ನೀರು ಕೇಳ್ತೀನಿ. ಹೊಡಿ."

ಇಳಿಜಾರು. ತುಳಿದೆ.

"ಚೆಲ್ಲಿತಾ?"

"ಮುಂದೆ ನೋಡ್ಕಂಡು ಹೊಡಿ."

ಮತ್ತೆ ತುಳಿದೆ. ಮಾಗಡಿ ರಸ್ತೆ ಬಂತು, ನಿಲ್ಲಿಸಿ ತಿರುಗಿ ನೋಡಿದೆ. ಅವನ ಪಂಚೆ ಒಣಗಿಯೇ ಇತ್ತು. ನೀರಿನ ಮೇಲ್ಮೈ ಮುಂದಕ್ಕೆ ವಾಲಿ, ಹಿಂದಕ್ಕೆ ಬಂದು, ನಿಂತಿತು ಅಂತೆ. ನಡುಗಿದರೆ ಸಣ್ಣ ಸಣ್ಣ ಬಳೆಯಂಥ ಅಲೆ ಏಳಬೇಕು, ಎದ್ದಿಲ್ಲ ಅಂದ. ಮೇಸ್ತ್ರಿ ಅವನ ಮುಖ ನೋಡಿ, "ನೀವು ಇಂಜಿನಿಯರ್ ಆಗ್ಬೇಕಿತ್ತು ಅಣ್ಣ" ಅಂದರು.

"ಒಬ್ಬ ಆಗಿರೋದೇ ಸಾಕು" ಅಂದ ಅಣ್ಣ.

ಅವ್ವನನ್ನು ಕರೆತಂದೆವು. ಹಿಂದಿನ ಸೀಟಿನಲ್ಲಿ ಅತ್ತಿಗೆಯ ತೊಡೆಯ ಮೇಲೆ ತಲೆ, ತಲೆಯ ಎರಡೂ ಕಡೆ ಅತ್ತಿಗೆಯ ಕೈ. ಪೇಟೆಯಿಂದ ಮನೆಗೆ ಎಷ್ಟು ಸಲ ಬ್ರೇಕ್ ತುಳಿದೆನೋ ಲೆಕ್ಕವಿಲ್ಲ. ಒಂದು ಸಲವೂ ಅದುರಲಿಲ್ಲ ಎಂದು ಅತ್ತಿಗೆ ಆಮೇಲೆ ಹೇಳಿದರು. ನನ್ನ ಬೆನ್ನು ಮಾತ್ರ ಬೆವರಿನಲ್ಲಿ ಸೀಟಿಗೆ ಅಂಟಿಕೊಂಡಿತ್ತು.

ಅಂಗಳದಲ್ಲಿ ಇಳಿಸಿ ಜಗಲಿಯ ಮೇಲೆ ಒರಗಿಸಿ ಕೂರಿಸಿದೆವು. ಪಟ್ಟಿ ಕಟ್ಟಿದ ಮುಖವನ್ನು ಅಲುಗಿಸದೆ ಅವ್ವ ಕೇಳಿದಳು:

"ಕಾರಿನ ಕಾಲಿಗೆ ನೀರು ಹಾಕಿದ್ರಾ?"

ಅಣ್ಣ ನನ್ನ ಕಡೆ ನೋಡಿದ. ಅತ್ತಿಗೆ ಒಳಗೆ ಹೋಗಿಬಿಟ್ಟರು. ನಿನ್ನ ನೀರೇ ಕಾರನ್ನು ಕೆಡಿಸಿದ್ದು ಎಂದು ಆ ಮುಖಕ್ಕೆ ಹೇಳುವುದೇ? ತಡವರಿಸಿ ಅಂದೆ:

"ಅವ್ವಾ, ಓಡಿ ಬಂದಾಗ ಅದರ ಚಕ್ರ ಒಳಗೆ ಕಾದಿರ್ತದೆ. ಆಗ ತಣ್ಣೀರು ಹಾಕಿದ್ರೆ ಅದಕ್ಕೆ ಆಗಲ್ಲವಂತೆ."

ಅವಳು ಕಾರಿನ ಕಡೆ ಕೈ ಮಾಡಿ ಕೇಳಿದಳು:

"ಅದಕ್ಕೂ ಬೆವರು ಬರ್ತದಾ?"

"ಹಂಗೇ ಅನ್ನು."

"ಎತ್ತಿಗೆ ಬೆವರು ಆರೋ ಮುಂಚೆ ನೀರು ಹಾಕಿದ್ರೆ ನಡುಕ ಬರ್ತದೆ. ಹಾಲು ಕುಡಿಯೋ ಮಗೂಗೂ ಗೊತ್ತು ಅದು." ಅವಳ ದನಿಯಲ್ಲಿ ಸಿಟ್ಟು ಬಂತು. "ಕಬ್ಣ ಅಲ್ವಾ, ಅದಕ್ಕೇನು ಬೆವರು ಅಂತ ಬಂದ ಕೂಡ್ಲೇ ಹಾಕ್ತಿದ್ದೆ. ಕಾಯ್ತದೆ ಅಂತ ಮೊದ್ಲೇ ಹೇಳಾಕೆ ನಿಂಗೇನಾಗಿತ್ತೋ? ಓದಿದೋನಲ್ವಾ ನೀನು?"

ಆರು ತಿಂಗಳು ಆ ಕಾರನ್ನು ಓಡಿಸಿದ್ದೆ, ಓಡಿ ಬಂದ ಚಕ್ರದ ಹತ್ತಿರ ಒಂದು ದಿನವೂ ಕೈ ತಂದು ನೋಡಿರಲಿಲ್ಲ.

ಲೇತ್‌ನವರು ಇದನ್ನೆಲ್ಲ ಕೇಳಿ ನಂಬಲಿಲ್ಲ. ಮಳೆಯಲ್ಲಿ ಓಡುವ ಕಾರುಗಳೆಲ್ಲ ಕೆಡಬೇಕಿತ್ತಲ್ಲ ಎಂದರು. ಮೇಸ್ತ್ರಿ ಮಳೆ ಬೇರೆ, ನಿಂತ ಚಕ್ರಕ್ಕೆ ಒಂದೇ ಕಡೆ ಬಕೀಟು ಬಗ್ಗಿಸುವುದು ಬೇರೆ ಎಂದರು. ಇಬ್ಬರ ಮಾತೂ ನನಗೆ ಸರಿಯೆನಿಸಿತು. ಆಣೆ ಮಾಡಿ ಇದೇ ಕಾರಣ ಎಂದು ಈಗಲೂ ಹೇಳಲಾರೆ. ಆ ಡ್ರಮ್ಮು ಮತ್ತೆ ಮೊಟ್ಟೆಯಾಗಲಿಲ್ಲ, ಅಷ್ಟು ಗೊತ್ತು.

ಪಟ್ಟಿ ಬಿಚ್ಚಿ ದಪ್ಪ ಕನ್ನಡಕ ಬಂದ ಮೇಲೆ 'ಕಾರಿನ ಬಣ್ಣ ಕಪ್ಪಾ? ನಾನ್ ನೀಲಿ ಅನ್ಕಂಡಿದ್ದೆ' ಅಂದಳು ಅವ್ವ. ನೀರು ಹಾಕುವುದನ್ನು ಬಿಡಲಿಲ್ಲ. ಆದರೆ ಮೊದಲು ಎತ್ತುಗಳ ಕೆಲಸ ಮುಗಿಸಿ, ಒಲೆಗೆ ಮುದ್ದೆಯ ನೀರಿಟ್ಟು ಬಂದು, ಬಕೀಟನ್ನು ನೆಲಕ್ಕಿಳಿಸಿ, ಬಗ್ಗಿ, ಬಲಗಡೆಯ ಮುಂದಿನ ಚಕ್ರಕ್ಕೆ ಕೈಯ ಹಿಂಬದಿ ತಾಗಿಸಿ ನೋಡುತ್ತಿದ್ದಳು. ಜ್ವರದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಕೆಲವು ದಿನ, "ಇನ್ನೂ ಐತೆ" ಎಂದು ವಾಪಸು ಹೋಗುತ್ತಿದ್ದಳು.